ಹೆರಿಗೆ ಮನೆಯ ಫೋನು

ಫೆಬ್ರವರಿ 9

ತಮ್ಮ ಮಹಾರಾಯನಿಗೆ,

ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿದ್ದರೆ ಈ ಕಾಗದ ಮುಗಿಯುವಷ್ಟರಲ್ಲಿ ಅದಕ್ಕೊಂದು ಗತಿ ಕಾಣಿಸುತ್ತೇನೆ. ನಿಂತು ಓದಬೇಡ, ಕೂತುಕೋ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಹೊರಗೆ ಕಳಿಸು.

ಫೋನಿನಲ್ಲೇ ಬೈಯಬಹುದಿತ್ತಲ್ಲ ಎನ್ನುತ್ತೀಯ. ಮೂರು ವಾರದ ಹಿಂದೆ ನೀನು ಜೋಡಿಸಿಕೊಟ್ಟು ಹೋದ ಆ ಫೋನನ್ನು ನಿನ್ನನ್ನು ಬೈಯುವುದಕ್ಕೂ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಕಳೆದ ಮಂಗಳವಾರ, ಮಧ್ಯಾಹ್ನ ಎರಡು ಇಪ್ಪತ್ತು. ನಾನು ಹೆರಿಗೆ ಕೋಣೆಯಲ್ಲಿದ್ದೆ. ಎರಡು ಮಂಚ, ಎರಡೂ ಖಾಲಿ. ಕುದಿಸಿದ ಕತ್ತರಿ, ಇಕ್ಕಳಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದೆ. ಬಾಗಿಲು ತೆರೆದಿತ್ತು. ಮುಂದಿನ ಕೋಣೆಯ ಸ್ಟೂಲಿನ ಮೇಲೆ ಫೋನು, ನನ್ನಿಂದ ನಾಲ್ಕು ಹೆಜ್ಜೆ. ಪಕ್ಕದಲ್ಲಿ ನಿನ್ನ ರೌಟರ್, ಹಸಿರು ದೀಪ ಮಿಟುಕಿಸುತ್ತಾ, ಎಷ್ಟೊಂದು ಕೆಲಸ ಮಾಡುತ್ತಿದ್ದೇನೆ ನೋಡು ಎನ್ನುವ ಹಾಗೆ.

ಅದೇ ಹೊತ್ತಿಗೆ ನಾಲ್ಕು ಬೀದಿ ಆಚೆ, ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನ ಹೆಂಡತಿಗೆ ನೀರು ಒಡೆದಿತ್ತು. ಗಂಡ ಪಾಳಿಯಲ್ಲಿ. ಮನೆಯಲ್ಲಿ ಒಬ್ಬಳೇ. ನನಗೆ ಫೋನು ಮಾಡಿದಳು. ಒಂದು ಸಲವಲ್ಲ, ಒಂಬತ್ತು ಸಲ. ಅವಳ ಕಿವಿಗೆ ಒಂಬತ್ತು ಸಲವೂ ರಿಂಗ್ ಆಗುವ ಸದ್ದು ಕೇಳಿಸಿದೆ. ನನ್ನ ಮನೆಯಲ್ಲಿ ಒಂದು ಸಲವೂ ಆ ಫೋನು ಕೆಮ್ಮಲೂ ಇಲ್ಲ.

ನರ್ಸಮ್ಮ ಎತ್ತುತ್ತಿಲ್ಲ, ನಡೆದೇ ಹೋಗೋಣ ಎಂದು ಹೊರಟಳು. ಅವಳ ಕಟ್ಟಡದ ಎರಡನೆಯ ಮಹಡಿಯ ಮೆಟ್ಟಿಲ ತಿರುವಿನವರೆಗೆ ಬರುವುದಾಯಿತು. ಅಲ್ಲೇ ಹೆತ್ತಳು, ಬರಿಯ ಸಿಮೆಂಟಿನ ಮೇಲೆ. ಕೆಳಗಿನ ಮನೆಯವಳು ಓಡಿಬಂದು ಕಿಟಕಿಯ ಪರದೆ ಕಿತ್ತು ಮಗುವಿಗೆ ಸುತ್ತಿದಳಂತೆ. ಅಷ್ಟರಲ್ಲಿ ಅದು ತಣ್ಣಗಾಗಿತ್ತು. ಈಗ ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಇದೆ ಎಂದಷ್ಟೇ ಹೇಳಬಲ್ಲೆ.

ಶುಕ್ರವಾರ ಆರೋಗ್ಯ ಇಲಾಖೆಯ ಆಫೀಸರು ಬಂದರು. ಕೈಯಲ್ಲಿ ಆ ಹುಡುಗಿಯ ಮೊಬೈಲಿನ ಕರೆಗಳ ಪಟ್ಟಿ.

“ಒಂಬತ್ತು ಸಲ ರಿಂಗ್ ಆಗಿದೆ. ನೀವೆಲ್ಲಿದ್ರಿ?”

“ಇಲ್ಲೇ.”

“ಮಲಗಿದ್ರಾ?”

“ಕೆಲಸ ಮಾಡ್ತಿದ್ದೆ. ಫೋನು ರಿಂಗ್ ಆಗಲಿಲ್ಲ.”

“ಆಗಿದೆ ಅಂತ ಅವರು ಹೇಳ್ತಾರೆ. ನೀವು ಡಾಕ್ಟರಿಗೆ ಕಿವಿ ತೋರಿಸಿಕೊಂಡು ಎಷ್ಟು ವರ್ಷ ಆಯ್ತು?”

ಗೋಡೆಯ ಮೇಲಿದ್ದ ನನ್ನ ಪರವಾನಗಿಯನ್ನು ಮೊಳೆಯಿಂದ ಕಳಚಿಕೊಂಡರು. ಹೆರಿಗೆ ಕೋಣೆಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಏಪ್ರಿಲ್ ಹನ್ನೊಂದಕ್ಕೆ ವಿಚಾರಣೆ. ಅಲ್ಲಿ ತಪ್ಪು ನನ್ನದಲ್ಲ ಎಂದು ತೋರಿಸದಿದ್ದರೆ ಪರವಾನಗಿ ಶಾಶ್ವತವಾಗಿ ಹೋಗುತ್ತದೆ.

ಅಮ್ಮ ಹೆರಿಗೆ ಮಾಡಿಸುತ್ತಿದ್ದ ಕಾಲದಿಂದ ಇದೇ ನಂಬರು. ಫೋನು ಕಚೇರಿಯವರು ಹಳೆಯ ತಂತಿ ಕಿತ್ತುಹಾಕಿದಾಗ, ಮೊಬೈಲು ಈ ದಪ್ಪ ಗೋಡೆಯೊಳಗೆ ಉಸಿರಾಡುವುದಿಲ್ಲ ಎಂದು ನಾನು ಅತ್ತಾಗ, “ಇಂಟರ್ನೆಟ್ ಮೇಲೆ ಅದೇ ನಂಬರು ತರಿಸ್ತೀನಿ ಅಕ್ಕಾ, ಒಳ್ಳೆ ರೌಟರ್ ನಾನೇ ಆರಿಸ್ತೀನಿ” ಎಂದು ಎದೆ ತಟ್ಟಿಕೊಂಡವನು ನೀನು. ಏನು ಆರಿಸಿದೆ? ಹೇಗೆ ಆರಿಸಿದೆ? ಉತ್ತರ ಬರೆ.

ಬೀಗ ಬಿದ್ದ ಬಾಗಿಲ ಮುಂದೆ ಕೂತಿರುವ,
ನಿನ್ನ ಅಕ್ಕ


ಫೆಬ್ರವರಿ 16

ಅಕ್ಕಾ,

ಮಗುವಿನ ವಿಷಯ ಓದಿದೆ. ಅದು ಬೇಗ ಚೇತರಿಸಿಕೊಳ್ಳಲಿ. ಆದರೆ ಅಳು ಬೇರೆ, ಅಪವಾದ ಬೇರೆ. ಇಪ್ಪತ್ತು ವರ್ಷದಿಂದ ಇದೇ ಕಸುಬು ಮಾಡುತ್ತಿರುವವನ ಮುಖಕ್ಕೆ ಮಸಿ ಬಳಿಯುವ ಮುನ್ನ ಎರಡು ಮಾತು ಕೇಳು.

ರೌಟರನ್ನು ಕಣ್ಣು ಮುಚ್ಚಿ ಎತ್ತಿಕೊಂಡು ಬಂದೆನೆಂದುಕೊಂಡೆಯಾ? ಸಿನಿಮಾ ನೋಡುವವರಿಗೆ ಬೇಕಾದದ್ದು ಒಂದು, ಮಾತಾಡುವವರಿಗೆ ಬೇಕಾದದ್ದು ಇನ್ನೊಂದು. ಸಿನಿಮಾ ಒಂದು ಕ್ಷಣ ನಿಂತರೂ ಮತ್ತೆ ಓಡುತ್ತದೆ. ಮಾತು ನಿಂತರೆ ಅರ್ಧಕ್ಕೆ ತುಂಡಾಗುತ್ತದೆ. ಅದಕ್ಕೇ ಮಾತಿಗೆ ಮೊದಲ ಮಣೆ ಹಾಕಿಕೊಡುವ ರೌಟರನ್ನೇ ತಂದೆ. ಮನೆಯಲ್ಲಿ ಯಾರು ಏನೇ ಎಳೆದುಕೊಳ್ಳುತ್ತಿರಲಿ, ಫೋನಿನ ಧ್ವನಿ ಮುಂದೆ, ಉಳಿದದ್ದೆಲ್ಲ ಹಿಂದೆ. ಅದನ್ನು ನಾನೇ ಕೂತು ಸರಿಹೊಂದಿಸಿದ್ದೇನೆ.

ಈಗ ನಾನು ಕೇಳುತ್ತೇನೆ, ನೀನು ಹೇಳು. ಮೇಲಿನ ಮನೆಯ ಮೇಷ್ಟರಿಗೆ ಪಾಸ್‌ವರ್ಡ್ ಕೊಟ್ಟಿದ್ದೀಯಾ? ಅವರ ಮಕ್ಕಳು ದಿನವಿಡೀ ಆಟ ಆಡುತ್ತಾರಾ? ರೌಟರ್ ಮೇಲೆ ಧೂಳು ಬೀಳದಿರಲೆಂದು ಬಟ್ಟೆ ಹೊದಿಸಿದ್ದೀಯಾ? ನೀನು ಎಲ್ಲಕ್ಕೂ ಬಟ್ಟೆ ಹೊದಿಸುವವಳು. ಅದು ಬಿಸಿಯಾದರೆ ಬುದ್ಧಿ ಕೆಡುತ್ತದೆ. ಸ್ಟೀಲು ಕಪಾಟಿಗೆ ಒತ್ತಿ ಇಟ್ಟಿದ್ದೀಯಾ?

ಹೊರಡುವ ದಿನ ನಿನ್ನ ಕಣ್ಣೆದುರೇ ಪರೀಕ್ಷೆ ಮಾಡಿದೆ. ನಿನ್ನ ಮನೆಯಿಂದ ನನ್ನ ಅಂಗಡಿಗೆ ಮಾಡಿ ನಲವತ್ತು ನಿಮಿಷ ಮಾತಾಡಿದೆ. ಇಟ್ಟ ತಕ್ಷಣ ಅಂಗಡಿಯಿಂದ ವಾಪಸ್ ಮಾಡಿಸಿದೆ. ಘಣಘಣ ಎಂದಿತು. ನೀನೇ “ಅಬ್ಬಾ, ಕಿವಿ ತೂತಾಗುತ್ತೆ” ಎಂದೆ. ಮರೆತೆಯಾ?

ಕೆಲಸದ ಆಯಾಸದಲ್ಲಿ ಒಂದು ಗಳಿಗೆ ಕಣ್ಣು ಹತ್ತಿರಬಹುದು. ತಪ್ಪೇನಿಲ್ಲ. ಒಪ್ಪಿಕೊಂಡರೆ ಆಫೀಸರು ಕನಿಕರ ತೋರಿಸಬಹುದು.

ನಿನ್ನ ತಮ್ಮ


ಫೆಬ್ರವರಿ 21

ಲೋ,

ಕಣ್ಣು ಹತ್ತಿರಬಹುದೇ? ಇಪ್ಪತ್ತೆಂಟು ವರ್ಷದಲ್ಲಿ ಹೆರಿಗೆ ಕೋಣೆಯಲ್ಲಿ ನನ್ನ ಕಣ್ಣು ಹತ್ತಿದ್ದನ್ನು ಕಂಡವರು ಯಾರಾದರೂ ಇದ್ದರೆ ಕರೆದುಕೊಂಡು ಬಾ. ಆ ಸಾಲನ್ನು ಬರೆದ ಕೈಗೆ ನಾಲ್ಕು ಬಿಗಿಯುವಷ್ಟು ಹತ್ತಿರದಲ್ಲಿ ನೀನಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಬಟ್ಟೆ ಹೊದಿಸಿಲ್ಲ. ಕಪಾಟು ಇನ್ನೊಂದು ಗೋಡೆಗಿದೆ. ಮೇಷ್ಟರಿಗೆ ಪಾಸ್‌ವರ್ಡ್ ಕೊಟ್ಟಿಲ್ಲ. ಅವರು ಕೇಳಿಯೂ ಇಲ್ಲ. ಮಾತು ಅರ್ಧಕ್ಕೆ ತುಂಡಾಯಿತು ಎಂದು ನಾನು ಎಲ್ಲಿ ಬರೆದೆ? ಮಾತು ಶುರುವೇ ಆಗಲಿಲ್ಲ ಎಂದು ಬರೆದೆ. ನಾನು ಹೊಟ್ಟೆನೋವು ಎಂದರೆ ನೀನು ಚಪ್ಪಲಿ ಅಳತೆ ಕೇಳುತ್ತಿದ್ದೀಯ.

ನಿನ್ನ ಪರೀಕ್ಷೆ ಹೇಳಿದೆಯಲ್ಲ, ನನ್ನದನ್ನೂ ಕೇಳು. ಎದುರಿನ ಬೀಗದ ಕೈ ಮಾಡುವವನನ್ನು ಅವನ ಅಂಗಡಿಯಲ್ಲೇ ಕೂರಿಸಿದೆ. ನಾನು ಫೋನಿನ ಪಕ್ಕದ ಕಿಟಕಿಯಲ್ಲಿ ಟವಲು ಹಿಡಿದು ನಿಂತೆ. ಅವನು ಫೋನು ಮಾಡಬೇಕು, ರಿಂಗ್ ಆದರೆ ನಾನು ಟವಲು ಬೀಸಬೇಕು. ಎರಡು ದಿನ ಹೀಗೆ. “ನರ್ಸಮ್ಮಾ, ನನ್ನ ಕಿವೀಲಿ ರಿಂಗ್ ಆಗ್ತಾನೇ ಇದೆ, ನೀವು ಗೊಂಬೆ ಥರ ನಿಂತಿದೀರಲ್ಲ” ಎಂದು ಬೀದಿಯ ಆ ಕಡೆಯಿಂದ ಅವನು ಕೂಗುತ್ತಿದ್ದ.

ಬಸುರಿಯರ ನೋವಿನ ನಡುವಿನ ಅಂತರವನ್ನು ಗಡಿಯಾರ ಹಿಡಿದು ಗುರುತು ಹಾಕುವ ಪಟ್ಟಿಯಿದೆಯಲ್ಲ, ಅದರಲ್ಲೇ ಈ ಫೋನು ಮಹಾನುಭಾವನ ನಾಡಿಯನ್ನೂ ಬರೆದೆ. ನಾನು ಹೊರಗೆ ಮಾತಾಡಿ ಇಟ್ಟ ಎರಡು ನಿಮಿಷದೊಳಗೆ ಯಾರಾದರೂ ಮಾಡಿದರೆ ರಿಂಗ್ ಆಗುತ್ತದೆ. ಐದು ನಿಮಿಷ ಸುಮ್ಮನಿದ್ದು ಮಾಡಿದರೆ ಇಲ್ಲ. ಗಂಟೆಗೊಮ್ಮೆ, ಸರಿಯಾಗಿ ಹನ್ನೆರಡನೆಯ ನಿಮಿಷಕ್ಕೆ ಅದಕ್ಕೆ ಜೀವ ಬರುತ್ತದೆ. ಹದಿನಾಲ್ಕಕ್ಕೆ ಹೋಗುತ್ತದೆ. ಆ ಹುಡುಗಿ ಒಂಬತ್ತು ಸಲ ಮಾಡಿದ್ದು ಎರಡು ಇಪ್ಪತ್ತರಿಂದ ಎರಡು ಐವತ್ತೈದರವರೆಗೆ.

ಪಟ್ಟಿಯನ್ನು ಆಫೀಸರಿಗೆ ತೋರಿಸಿದೆ. “ಇದನ್ನ ಬರೆದಿದ್ದು ನೀವೇ ಅಲ್ವಾ” ಎಂದು ಮಡಚಿ ಕೈಗೆ ಕೊಟ್ಟರು. “ಜೋಡಿಸಿದವರಿಂದ ಬರೆಸಿಕೊಂಡು ಬನ್ನಿ, ನೋಡೋಣ.”

ಆದ್ದರಿಂದ ನಿನ್ನ ಕನಿಕರ ನಿನ್ನ ಹತ್ತಿರವೇ ಇರಲಿ. ನನಗೆ ಬೇಕಾದ್ದು ಒಂದು ಹಾಳೆ. ಈ ರೌಟರ್ ಆರಿಸಿದ್ದು ನಾನು, ಜೋಡಿಸಿದ್ದು ನಾನು, ಹೊರಗಿನಿಂದ ಬರುವ ಕರೆಯನ್ನು ಇದು ಒಳಗೆ ಬಿಡುತ್ತಿರಲಿಲ್ಲ ಎಂದು ಬರೆದು, ಅಂಗಡಿಯ ಮುದ್ರೆ ಒತ್ತಿ, ಸಹಿ ಹಾಕಿ ಕಳಿಸು.

ಅಕ್ಕ


ಮಾರ್ಚ್ 2

ಅಕ್ಕಾ,

ಕಾರಣ ಗೊತ್ತಾಗಿದೆ. ಬೇರೆ ರೌಟರ್ ಪಾರ್ಸಲ್ ಮಾಡಿದ್ದೇನೆ, ಎಲ್ಲ ಹೊಂದಿಸಿಯೇ ಕಳಿಸಿದ್ದೇನೆ. ತಂತಿ ಸಿಕ್ಕಿಸಿದರೆ ಸಾಕು. ಹಳೆಯದನ್ನು ಅದರ ಪೆಟ್ಟಿಗೆಯಲ್ಲೇ ಹಾಕಿ ನನಗೆ ವಾಪಸ್ ಕಳಿಸು. ಬೇಗ. ಅದನ್ನು ಯಾರಿಗೂ ತೋರಿಸುವ ಅಗತ್ಯವಿಲ್ಲ.

ಹಾಳೆಯ ಮಾತು ಮಾತ್ರ ಎತ್ತಬೇಡ. ಈ ಊರಿನ ಅರ್ಧ ಮನೆಗಳ ಫೋನು ನನ್ನ ಕೈಯಲ್ಲಿ ನಡೆಯುತ್ತಿದೆ. ಮುದ್ರೆ ಒತ್ತಿ ಹಾಗೆ ಬರೆದುಕೊಟ್ಟರೆ ನಾಳೆ ಅಂಗಡಿಯ ಬಾಗಿಲು ತೆಗೆಯುವುದು ನೊಣ ಹೊಡೆಯುವುದಕ್ಕೆ. ನಿನಗೆ ಬೇರೆ ದಾರಿ ಸಿಗುತ್ತದೆ. ನಿನ್ನನ್ನು ನಂಬುವವರು ಊರೆಲ್ಲ ಇದ್ದಾರೆ.

ನಿನ್ನ ತಮ್ಮ


ಮಾರ್ಚ್ 10

ತಮ್ಮನಿಗೆ,

ನಿನ್ನ ಪಾರ್ಸಲ್ ಬಂತು. ಅದನ್ನು ಬಿಚ್ಚಿಲ್ಲ.

ಹಳೆಯದನ್ನು ವಾಪಸ್ ಕಳಿಸಲು ಪೆಟ್ಟಿಗೆ ತೆಗೆದೆ. ರೌಟರ್ ಕೂರುವ ರಟ್ಟಿನ ತಟ್ಟೆಯಿದೆಯಲ್ಲ, ಅದು ಸರಿಯಾಗಿ ಕೂರಲಿಲ್ಲ. ಎತ್ತಿ ನೋಡಿದರೆ ಕೆಳಗೊಂದು ಚೀಟಿ. ಪೆನ್ಸಿಲಿನಲ್ಲಿ, ಒಂದೊಂದು ಅಕ್ಷರವೂ ಹೆಬ್ಬೆರಳಿನ ಗಾತ್ರ:

“ಇದರಲ್ಲಿ ಫೋನು ರಿಂಗ್ ಆಗುವುದಿಲ್ಲ. ಅಂಗಡಿಗೆ ಬಂದು ಮೂರು ಸಲ ಹೇಳಿದ್ದೇನೆ. ನಗಬೇಡ.”

ನಾನು ಅದನ್ನು ಮೂರು ಸಲ ಓದಿದೆ. ಆಮೇಲೆ ಮುಂದಿನ ಕೋಣೆಯ ಬೆಂಚಿನ ಮೇಲೆ ಕೂತೆ. ಅಲ್ಲಿ ಸಾಮಾನ್ಯವಾಗಿ ಬಸುರಿಯರ ಅತ್ತೆಯಂದಿರು ಕೂರುತ್ತಾರೆ.

ಹೊಸದು ಎಂದು ಹೇಳಿ ಯಾರದೋ ಮನೆಯಿಂದ ಬಿಚ್ಚಿ ತಂದದ್ದನ್ನು ನನ್ನ ಮನೆಗೆ ಹಾಕಿದೆ. ಅದನ್ನಾದರೂ ನುಂಗಿಕೊಳ್ಳುತ್ತೇನೆ. ಆದರೆ ಇದಕ್ಕೆ ಇದೇ ಕಾಯಿಲೆ ಇದೆ ಎಂದು ಒಬ್ಬ ಮನುಷ್ಯ ನಿನ್ನೆದುರು ಮೂರು ಸಲ ನಿಂತು ಹೇಳಿದ್ದಾನೆ. ನೀನು ನಕ್ಕಿದ್ದೀಯ. ನಕ್ಕು, ಪೆಟ್ಟಿಗೆಗೆ ಹಾಕಿ, ಹತ್ತು ಗಂಟೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಹೆರಿಗೆ ಮಾಡಿಸುವವಳ ಮನೆಯಲ್ಲಿಟ್ಟು ಹೋಗಿದ್ದೀಯ. ಆಮೇಲೆ ನನಗೇ ಕಣ್ಣು ಹತ್ತಿರಬಹುದು ಎಂದು ಬರೆದಿದ್ದೀಯ.

ಯಾರು ಆ ಮನುಷ್ಯ? ಅವರಿಗೆ ಏನಾಯಿತು?

ನಾನು ಈ ಚೀಟಿಯನ್ನು ತೆಗೆದುಕೊಂಡು ಹೋಗಿ ಆಫೀಸರ ಮೇಜಿನ ಮೇಲೆ ಇಡಬಹುದು. ಇಡುವುದಿಲ್ಲ. ಯಾರದೋ ಚೀಟಿ ಎಂದು ಅದನ್ನೂ ಮಡಚಿ ಕೊಡುತ್ತಾರೆ. ಇದನ್ನು ಈ ಕಾಗದದ ಜೊತೆ ನಿನಗೇ ಕಳಿಸುತ್ತಿದ್ದೇನೆ. ನಿನ್ನ ಅಂಗಡಿಯ ಮೇಜಿನ ಮೇಲೆ, ಗಿರಾಕಿಗಳಿಗೆ ಕಾಣುವ ಹಾಗೆ ಇಟ್ಟುಕೋ, ಇಲ್ಲ ಒಲೆಗೆ ಹಾಕು. ನೀನು ಎಂಥವನು ಎಂಬುದನ್ನು ನೀನೇ ಆರಿಸು. ರೌಟರ್ ಆರಿಸಿದ್ದು ಸಾಕು.

ಬೇಕರಿಯವನ ಮಗು ಹಾಲು ಕುಡಿಯುತ್ತಿದೆಯಂತೆ. ನಿನಗೆ ಹೇಳಬೇಕೆಂದೇನೂ ಇರಲಿಲ್ಲ.

ಅಕ್ಕ


ಮಾರ್ಚ್ 24

ಅಕ್ಕಾ,

ಎಂಟು ದಿನ ಚೀಟಿ ಜೇಬಿನಲ್ಲೇ ಇತ್ತು. ಬಟ್ಟೆ ಬದಲಾಯಿಸುವಾಗಲೆಲ್ಲ ಅದನ್ನೂ ಹೊಸ ಜೇಬಿಗೆ ಬದಲಾಯಿಸುತ್ತಿದ್ದೆ. ಒಂಬತ್ತನೆಯ ದಿನ ಹೋದೆ.

ಬರೆದವರು ಬಾಯ್ಲರ್ ತಾತ. ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಕಿವಿ ಮಂದ ಮಾಡಿಕೊಂಡವರು. ನವೆಂಬರಿನಲ್ಲಿ ಬಂದು ಫೋನು ರಿಂಗ್ ಆಗುತ್ತಿಲ್ಲ ಎಂದಾಗ ನಾನು ಅಂಗಡಿಯಲ್ಲಿದ್ದವರ ಕಡೆ ಕಣ್ಣು ಹೊಡೆದು, “ತಾತ, ಫೋನು ರಿಂಗ್ ಆಗ್ತಿದೆ, ನಿಮಗೆ ಆಗ್ತಿಲ್ಲ ಅಷ್ಟೇ” ಎಂದೆ. ಎಲ್ಲರೂ ನಕ್ಕರು. ಎರಡನೆಯ ಸಲ ಬಂದಾಗಲೂ ಅದೇ ಮಾತು ಹೇಳಿದೆ, ಮೊದಲ ಸಲ ಚಪ್ಪಾಳೆ ಬಿದ್ದಿತ್ತಲ್ಲ. ಮೂರನೆಯ ಸಲ ಅವರು ರೌಟರನ್ನೇ ಪೆಟ್ಟಿಗೆ ಸಮೇತ ಮೇಜಿನ ಮೇಲಿಟ್ಟು ಹೋದರು. ನಾನದನ್ನು ತೆರೆದೂ ನೋಡಲಿಲ್ಲ. ಕಿವುಡ ಮುದುಕನ ದೂರು, ಒಳ್ಳೆಯ ರೌಟರ್, ಅಕ್ಕನಿಗಾಯಿತು ಎಂದುಕೊಂಡೆ.

ಲಾಂಡ್ರಿಯ ಹಿಂದೆ ಅವರದೊಂದು ಕೋಣೆ. ಬಾಗಿಲು ತೆರೆದವರು ನನ್ನನ್ನು ನೋಡಿ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲೊಂದು ದಪ್ಪ ಕೆಂಪು ಬಲ್ಬು. ಅದರಿಂದ ಫೋನಿಗೆ ತಂತಿ. ರಿಂಗ್ ಆದರೆ ಉರಿಯಬೇಕು, ತಾವೇ ಮಾಡಿಕೊಂಡಿದ್ದಾರೆ.

“ಮೂರು ತಿಂಗಳು ಇದು ಉರೀಲಿಲ್ಲ ಕಣಪ್ಪಾ” ಎಂದರು. “ಬಲ್ಬಿಗೂ ಕಿವುಡಾ?”

ಅಕ್ಕಾ, ಅಪ್ಪನ ನಾಟಕ ಕಂಪನಿಯಲ್ಲಿ ಎಷ್ಟು ಡೈಲಾಗು ಬಾಯಿಪಾಠ ಮಾಡಿದ ನಾಲಿಗೆ ಇದು. ಒಂದೂ ಬರಲಿಲ್ಲ.

“ತಪ್ಪಾಯ್ತು ತಾತ” ಎಂದೆ.

“ಏನು?”

“ತಪ್ಪಾಯ್ತು.”

“ಜೋರಾಗಿ ಹೇಳು. ನಾಟಕದವರ ಮಗ ಅಲ್ವಾ ನೀನು?”

ಕೂಗಿದೆ. ಲಾಂಡ್ರಿಯಲ್ಲಿ ಇಸ್ತ್ರಿ ನಿಂತಿತು. “ಏನು ತಪ್ಪು?” ಎಂದರು. ನಿಮ್ಮ ಮಾತು ನಂಬದೆ ನಕ್ಕೆ ಎಂದು ಕೂಗಿದೆ. “ಆಮೇಲೆ?” ಎಂದರು. ಕೆಟ್ಟ ರೌಟರನ್ನು ಹೊಸದೆಂದು ನನ್ನ ಅಕ್ಕನಿಗೆ ಕೊಟ್ಟೆ, ಒಬ್ಬಳು ಮೆಟ್ಟಿಲ ಮೇಲೆ ಹೆತ್ತಳು, ಅಕ್ಕನ ಮೇಲೆ ತಪ್ಪು ಹೊರಿಸಿದೆ ಎಂದು ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದೆ. ಮೂರು ಕಿಟಕಿ ತೆರೆದವು. ಅವುಗಳಲ್ಲಿ ಎರಡು ಮನೆಯವರು ನನ್ನ ಗಿರಾಕಿಗಳು.

ತಾತ ಕಿವಿಯ ಹಿಂದಿನ ಕೈ ತೆಗೆದು, “ಸರಿಯಾಗಿ ಕೇಳಿಸಲಿಲ್ಲಪ್ಪಾ, ಬರೆದುಕೊಡು” ಎಂದು ಪೆನ್ಸಿಲು ಮುಂದಿಟ್ಟರು. ಮೊದಲನೆಯ ಸಲವೇ ಕೇಳಿಸಿತ್ತು ಎಂದು ನನಗೆ ಈಗಲೂ ಗುಮಾನಿ.

ಬರೆದೆ. ಬೀದಿಗೆಲ್ಲ ಗೊತ್ತಾದ ಮೇಲೆ ಮುದ್ರೆ ಒತ್ತುವುದರಲ್ಲಿ ಏನು ಉಳಿದಿದೆ? ತಾತನಿಗೊಂದು, ನಿನಗೊಂದು. ನಿನ್ನದು ಈ ಲಕೋಟೆಯಲ್ಲಿದೆ. ತಾತನೂ ಸಾಕ್ಷಿ ಎಂದು ಕೆಳಗೆ ಸಹಿ ಹಾಕಿದ್ದಾರೆ. ನನ್ನ ಹೆಸರಿಗಿಂತ ಅವರ ಸಹಿ ದೊಡ್ಡದಿದೆ.

ಕಾಯಿಲೆ ಏನೆಂದು ಆಫೀಸರು ಕೇಳಿದರೆ ಹೀಗೆ ಹೇಳು. ರೌಟರ್ ಎಂದರೆ ನಾಟಕದ ಡೇರೆಯ ಬಾಗಿಲಲ್ಲಿ ನಿಂತವನು. ಒಳಗಿನವರು ಹೊರಗೆ ಯಾರನ್ನಾದರೂ ಮಾತಾಡಿಸಿದರೆ, ಅವರು ತಿರುಗಿ ಬಂದಾಗ ಗುರುತು ಹಿಡಿದು ಒಳಗೆ ಬಿಡುತ್ತಾನೆ. ಫೋನಿನ ಪೆಟ್ಟಿಗೆ, ಅಂದರೆ ಫೋನನ್ನು ರೌಟರಿಗೆ ಸೇರಿಸುವ ಆ ಪುಟ್ಟ ಡಬ್ಬಿ, ಗಂಟೆಗೊಮ್ಮೆ ಹೊರಗಿನ ಫೋನು ಕಂಪನಿಗೆ ನಾನಿಲ್ಲಿದ್ದೇನೆ ಎಂದು ಹೇಳಿ ಕಳಿಸುತ್ತದೆ. ನಿನ್ನ ಪಟ್ಟಿಯ ಹನ್ನೆರಡನೆಯ ನಿಮಿಷ ಅದೇ. ಒಳ್ಳೆಯ ಬಾಗಿಲವನು ಆ ಗುರುತನ್ನು ಇಟ್ಟುಕೊಳ್ಳುತ್ತಾನೆ. ಇವನು ಎರಡು ನಿಮಿಷ ಮಾತಿಲ್ಲದಿದ್ದರೆ ಮರೆತು ಬಾಗಿಲು ಹಾಕುತ್ತಿದ್ದ. ಕರೆ ಬಾಗಿಲಲ್ಲೇ ನಿಂತಿರುತ್ತಿತ್ತು. ಹೊರಗೆ ಕಾಯುತ್ತಿದ್ದವರಿಗೆ ಮಾತ್ರ ಕಂಪನಿ ರಿಂಗಿನ ಸದ್ದು ಕೇಳಿಸುತ್ತಿತ್ತು.

ನನ್ನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲಿಲ್ಲ. ಯಾಕೆ ಗೊತ್ತಾ? ನಲವತ್ತು ನಿಮಿಷ ನಾನು ಬಾಯಿ ಮುಚ್ಚಲಿಲ್ಲ. ರಂಗದ ಮೇಲೆ ಒಂದು ಉಸಿರಿನಷ್ಟು ಮಾತು ನಿಂತರೂ ಅಪ್ಪ ಪರದೆಯ ಹಿಂದಿನಿಂದ ಕಾಲಿಗೆ ಕಡ್ಡಿ ಚುಚ್ಚುತ್ತಿದ್ದರಲ್ಲ. ಯಾರೂ ಮಾತಾಡದಿದ್ದಾಗ ಏನಾಗುತ್ತದೆ ಎಂದು ನೋಡುವುದು ನಮ್ಮ ಮನೆಯವರಿಗೆ ಹೊಳೆಯುವುದೇ ಇಲ್ಲ.

ಪಾರ್ಸಲಿನಲ್ಲಿರುವ ರೌಟರ್ ಅಂಗಡಿಗೆ ಹೊಸದಾಗಿ ಬಂದದ್ದು, ಒಳಗೆ ಬಿಲ್ಲಿದೆ ನೋಡು. ಫೋನಿನ ಪೆಟ್ಟಿಗೆಯನ್ನು ತಂತಿಯಲ್ಲೇ ಸಿಕ್ಕಿಸು. ಇಪ್ಪತ್ತು ಸೆಕೆಂಡಿಗೊಮ್ಮೆ ಅದು ಬಾಗಿಲು ತಟ್ಟುತ್ತಿರುವಂತೆ ಮಾಡಿದ್ದೇನೆ. ಕರೆಂಟು ಹೋದರೆ ಎರಡಕ್ಕೂ ಜೀವ ಉಳಿಯಲೆಂದು ಬ್ಯಾಟರಿಯ ಪೆಟ್ಟಿಗೆಯೊಂದನ್ನೂ ಇಂದು ಕಳಿಸಿದ್ದೇನೆ.

ಕ್ಷಮಿಸು ಎಂದು ಬರೆಯಲು ಕೈ ಹೋಗುತ್ತದೆ. ನೀನು ಈಗ ಅದನ್ನು ಓದಲಾರೆ ಎಂದೂ ಗೊತ್ತು.

ತಮ್ಮ


ಏಪ್ರಿಲ್ 18

ತಮ್ಮನಿಗೆ,

ವಿಚಾರಣೆ ಮುಗಿಯಿತು. ಆಫೀಸರು ನಿನ್ನ ಹಾಳೆಯನ್ನು ಎರಡು ಸಲ ಓದಿದರು. ನನ್ನ ಪಟ್ಟಿಯನ್ನು ಕೇಳಿ ತೆಗೆದುಕೊಂಡು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಹೋಲಿಸಿದರು. “ಹನ್ನೆರಡನೇ ನಿಮಿಷ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದಿಲ್ಲ. ಪರವಾನಗಿ ವಾಪಸ್ ಕೊಟ್ಟರು.

ಬೇಕರಿಯವನ ಹೆಂಡತಿಯೂ ಬಂದಿದ್ದಳು, ಮಗುವನ್ನು ಎತ್ತಿಕೊಂಡು. ವರಾಂಡದಲ್ಲಿ ನನ್ನ ಪಕ್ಕ ಕೂತು, ನನ್ನ ಕಡೆ ನೋಡದೆ ಹೇಳಿದಳು: “ಐದನೇ ಸಲ ಮಾಡುವಾಗ ನಿಮ್ಮನ್ನ ಶಪಿಸಿದೆ ಅಕ್ಕಾ. ಆರನೇ ಸಲದಿಂದ ನೀವು ಸತ್ತುಹೋಗಿದೀರಿ ಅಂದುಕೊಂಡೆ. ಹಾಗಂದುಕೊಂಡ ಮೇಲೆ ಸ್ವಲ್ಪ ಧೈರ್ಯ ಬಂತು.” ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಹೊದಿಕೆ ಸರಿಸಿ ಮುಖ ತೋರಿಸಿದಳು, ಅಷ್ಟೇ. ಈ ತಿಂಗಳು ನನ್ನಲ್ಲಿಗೆ ಬರಬೇಕಿದ್ದ ಎಂಟು ಬಸುರಿಯರಲ್ಲಿ ಐದು ಜನ ಬೇರೆ ಕಡೆ ಹೋಗಿದ್ದಾರೆ. ಇದನ್ನು ಯಾವ ಹಾಳೆ ಸರಿಮಾಡುತ್ತದೋ ಬರೆದು ತಿಳಿಸು.

ಹೊಸ ರೌಟರ್ ಜೋಡಿಸಿದ್ದೇನೆ, ತಂತಿಯಲ್ಲೇ. ಬ್ಯಾಟರಿಯನ್ನೂ ಸಿಕ್ಕಿಸಿ, ಮೇನ್ ಸ್ವಿಚ್ಚು ಆರಿಸಿ ನೋಡಿದೆ. ನಿನ್ನ ಮಾತಿನ ಮೇಲೆ ನಾನು ಇನ್ನು ಮುಂದೆ ಒಂದು ದೀಪವನ್ನೂ ಹಚ್ಚುವುದಿಲ್ಲ. ಬೀಗದ ಕೈಯವನನ್ನು ಮತ್ತೆ ಕೂರಿಸಿ ಎರಡು ದಿನ ಪರೀಕ್ಷೆ ಮಾಡಿದೆ. ಪ್ರತಿ ಸಲವೂ ರಿಂಗ್ ಆಯಿತು. ಟವಲು ಬೀಸಿ ಬೀಸಿ ನನ್ನ ಭುಜ ಹಿಡಿದುಕೊಂಡಿದೆ. ಅವನು ಇನ್ನು ಬರುವುದಿಲ್ಲವಂತೆ, ಅವನಿಗೂ ಕೆಲಸವಿದೆ.

ಆದ್ದರಿಂದ ಆ ಕೆಲಸ ನಿನ್ನ ಪಾಲಿಗೆ. ದಿನಾ ಬೆಳಗ್ಗೆ ಏಳು ಗಂಟೆಗೆ, ಮನೆಯಲ್ಲಿ ಇನ್ನೂ ಯಾರೂ ಫೋನು ಮುಟ್ಟಿರದ ಹೊತ್ತಿಗೆ, ಅಂಗಡಿ ತೆರೆಯುವ ಮುಂಚೆ ನನಗೆ ಫೋನು ಮಾಡು. ನಾನು ಎತ್ತುವುದಿಲ್ಲ. ನಿನ್ನ ಹತ್ತಿರ ಆಡುವ ಮಾತು ನನ್ನಲ್ಲಿ ಸದ್ಯಕ್ಕಿಲ್ಲ. ಪಕ್ಕದಲ್ಲಿ ಕೂತು ಎಣಿಸುತ್ತೇನೆ. ಆರು ರಿಂಗ್ ಆದ ಮೇಲೆ ಇಟ್ಟುಬಿಡು. ಒಂದು ದಿನ ತಪ್ಪಿದರೂ ನಾನು ಹತ್ತು ಗಂಟೆ ಬಸ್ಸು ಹಿಡಿದು ಬಂದು ನಿನ್ನ ಅಂಗಡಿಯ ಮುಂದೆ ಕೂಗುತ್ತೇನೆ. ನನ್ನ ಗಂಟಲೂ ಅಪ್ಪನದೇ.

ಆರಕ್ಕಿಂತ ಒಂದು ಹೆಚ್ಚು ರಿಂಗ್ ಆಯಿತೋ, ಎತ್ತಿ ಬೈದುಬಿಡುತ್ತೇನೆ, ನೋಡಿಕೋ.

ಅಕ್ಕ